ಫೈಲಿನಲ್ಲಿಲ್ಲದ ಚೀಟಿ

ಹೆಡತಲೆ,
ನಂಜನಗೂಡು ತಾಲ್ಲೂಕು.
೧೪ ಅಕ್ಟೋಬರ್ ೨೦೨೫, ಮಂಗಳವಾರ.

ಪ್ರೀತಿಯ ಹೇಮಂತಾ,

ನಿನ್ನ ಅತ್ತೆ ವನಿತಾ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದಾಳೆ. ಕೋಪವಿದ್ದರೂ ತಲೆ ಕೊಡವಬೇಡ. ಹೇಗಿದ್ದೀಯಪ್ಪ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯಾ, ಇಲ್ಲಾ ಇಡೀ ಹಗಲು ಕಂಬದ ಮೇಲೆ ಕಳೆದು ಸಂಜೆಗೆ ಒಂದು ಬನ್ನು ತಿಂದು ಮಲಗುತ್ತೀಯಾ? ಮೊನ್ನೆಯ ಗಾಳಿಮಳೆಗೆ ನರಸೀಪುರದ ಕಡೆ ಕಂಬಗಳು ಉರುಳಿದವು ಎಂದು ಪೇಪರಿನಲ್ಲಿ ಓದಿದ ಮೇಲೆ ನನಗೆ ಜೀವದಲ್ಲಿ ಜೀವವಿಲ್ಲ. ನಿನಗೆ ಲೈನ್‌ಮನ್ ಕೆಲಸ ಸಿಕ್ಕಿತು ಎಂದು ಊರಿಗೆಲ್ಲ ಮೈಸೂರುಪಾಕು ಹಂಚಿದವಳೂ ನಾನೇ, ಈಗ ಹೆದರುವವಳೂ ನಾನೇ. ಬೆಲ್ಟ್ ಹಾಕಿಕೊಂಡೇ ಹತ್ತು. ನಮ್ಮಣ್ಣನ ಮಂಡಿನೋವು ಹೇಗಿದೆ? ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಅನ್ನೋಣ ಎಂದುಕೊಂಡೆ, ಆದರೆ ಇನ್ನು ಮೇಲೆ ಯಾರಿಗೂ ಮದ್ದು ಹೇಳುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೇನೆ. ನಿಮ್ಮಪ್ಪನನ್ನು ಡಾಕ್ಟರಿಗೆ ತೋರಿಸು.

ಫೋನಿರುವ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಎರಡು ವಾರದಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಎತ್ತದಿದ್ದದ್ದೂ ಒಳ್ಳೆಯದೇ ಆಯಿತು. ಬಾಯಿ ತೆರೆದರೆ ನನಗೆ ಮೊದಲು ಬರುವುದು ಜೋರು, ಆಮೇಲೆ ಅಳು. ಅವೆರಡರ ನಡುವೆ ಹೇಳಬೇಕಾದ ಮಾತು ಎಲ್ಲೋ ಬಿದ್ದುಹೋಗುತ್ತದೆ. ಬರೆಯುವುದಾದರೆ ಇಪ್ಪತ್ತಾರು ವರ್ಷದ ಅಭ್ಯಾಸ. ಹಾಜರಿ, ತೂಕ, ಮೊಟ್ಟೆ, ಹಾಲಿನ ಪುಡಿ, ಬಸುರಿ ಬಾಣಂತಿಯರ ಪಟ್ಟಿ ಎಲ್ಲ ಬರೆದೂ ಬರೆದೂ ಬೆರಳಿನ ಗೆಣ್ಣು ಊದಿಕೊಂಡಿದೆ. ಈಗಲೂ ಅಂಗನವಾಡಿಯಲ್ಲೇ ಕೂತಿದ್ದೇನೆ. ಹದಿನೆಂಟು ಮಕ್ಕಳು ಉಂಡು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿವೆ. ಸಹಾಯಕಿ ಚಿನ್ನಮ್ಮ ಪಾತ್ರೆ ಉಜ್ಜುತ್ತಾ "ಏನ್ ಮಿಸ್ಸೇ, ಅಷ್ಟುದ್ದ ರಿಪೋರ್ಟು?" ಎಂದು ಎರಡು ಸಲ ಕೇಳಿದಳು. ಹೂಂ ಅಂದೆ.

ನಿನ್ನ ಹೆಂಡತಿಯ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಮಧು ಚೆನ್ನಾಗಿಲ್ಲ ಕಣಪ್ಪ. ಆಸ್ಪತ್ರೆಯಿಂದ ನಮ್ಮ ಮನೆಗೆ ಕರೆತಂದ ಮೊದಲ ವಾರ ಹೇಳಿದ ಹಾಗೆ ಕೇಳಿದಳು. ಅನ್ನ ಅರ್ಧ ಮಾಡಿದಳು, ಬೆಳಿಗ್ಗೆ ಅವರಪ್ಪನ ಜೊತೆ ಗದ್ದೆಯ ಬದುವಿನ ತನಕ ನಡೆದಳು. ಆಮೇಲೆ ಏನಾಯಿತೋ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಶನಿವಾರದಿಂದ ಮಾತ್ರೆಯನ್ನೂ ಬಿಟ್ಟಿದ್ದಾಳೆ. ಕೇಳಿದರೆ "ಬೆರಳೆಲ್ಲ ಜುಂ ಅಂತವೆ, ಕಾಫಿ ಕುಡುದ್ರೆ ಕಬ್ಬಿಣ ನೆಕ್ಕುದಂಗಾಯ್ತದೆ, ಓಗಿರೋ ಕಣ್ಣೇನು ವಾಪಸ್ ಬಂದದ?" ಅನ್ನುತ್ತಾಳೆ. ನಾನು ಮಾತ್ರೆ ಹಿಡಿದು ನಿಂತರೆ ಬಾಯಿ ಬಿಗಿಯುತ್ತಾಳೆ. ಮೂರು ವರ್ಷದ ಮಕ್ಕಳ ಮೂಗು ಹಿಡಿದು ಜಂತುಹುಳದ ಮಾತ್ರೆ ನುಂಗಿಸಿದ ಕೈ ಇದು, ಇಪ್ಪತ್ತನಾಲ್ಕು ವರ್ಷದ ಸ್ವಂತ ಮಗಳ ಮುಂದೆ ಸೋತು ಕೂತಿದೆ. ಶುಕ್ರವಾರ ಹತ್ತು ಗಂಟೆಗೆ ಮೈಸೂರಿನಲ್ಲಿ ಮತ್ತೆ ಕಣ್ಣಿನ ಪರೀಕ್ಷೆ. ಎಡಗಣ್ಣಿನ ಹೊರಬದಿ ಹೋಗಿದೆ, ಅದು ಮರಳುವುದು ಕಷ್ಟ ಎಂದು ಡಾಕ್ಟರು ಆವತ್ತೇ ಹೇಳಿದ್ದಾರೆ. ಬಲಗಣ್ಣು ಇನ್ನೂ ಗಟ್ಟಿಯಾಗಿದೆ, ಅದನ್ನು ಉಳಿಸಿಕೊಳ್ಳಬಹುದು. ಅದೂ ಇಳಿದಿದ್ದರೆ ತಲೆಯಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿ ನೀರು ಇಳಿಸುವ ಆಪರೇಷನ್ ಮಾಡಬೇಕಂತೆ. ಈ ಮೂರು ದಿನ ಮಾತ್ರೆಯಿಲ್ಲದೆ ಕಳೆದಿದ್ದಾಳಲ್ಲ, ಒಳಗೆ ಏನು ನಡೆದಿದೆಯೋ ಆ ಶ್ರೀಕಂಠನಿಗೇ ಗೊತ್ತು.

ಆವತ್ತು ನಿನ್ನನ್ನು ವಾರ್ಡಿನ ಒಳಗೇ ಬಿಡಲಿಲ್ಲವಲ್ಲ, ಹಾಗಾಗಿ ಡಾಕ್ಟರು ಏನೆಂದರು ಎನ್ನುವುದು ನಿನಗೆ ಪೂರ್ತಿ ಗೊತ್ತಿರಲಾರದು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮ್ಮೆಲ್ಲರ ತಲೆಬುರುಡೆಯೊಳಗೆ ಮಿದುಳಿನ ಸುತ್ತ ತಿಳಿನೀರು ಇರುತ್ತದೆ, ಅದು ಹುಟ್ಟುತ್ತಾ ಇಂಗುತ್ತಾ ಇರಬೇಕು. ಮಧುಗೆ ಆ ನೀರಿನ ಒತ್ತಡ ಏರಿದೆ. ಬುರುಡೆ ಮೂಳೆ, ಹಿಗ್ಗುವುದಿಲ್ಲ. ಒತ್ತಡವೆಲ್ಲ ಕಣ್ಣಿನ ಹಿಂದಿನ ನರದ ಮೇಲೆ ಬಿದ್ದು ಅದು ಊದಿಕೊಂಡಿದೆ. ಸ್ಕ್ಯಾನಿನಲ್ಲಿ ಗೆಡ್ಡೆಯಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಬೆನ್ನಿಗೆ ಸೂಜಿ ಹಾಕಿ ಅಳೆದಾಗ ಇಪ್ಪತ್ತೈದು ದಾಟಬಾರದ ಕಡೆ ಮೂವತ್ತಾರು ಬಂತು. ಹೀಗೆ ಯಾಕಾಗುತ್ತದೆ ಎನ್ನುವುದು ಪೂರ್ತಿ ಯಾರಿಗೂ ಗೊತ್ತಿಲ್ಲವಂತೆ. ತೆಳ್ಳಗಿರುವವರಿಗೂ ಅಪರೂಪಕ್ಕೆ ಬರುತ್ತದಂತೆ. ಆದರೆ ಹೆಚ್ಚಾಗಿ ಬರುವುದು ಮೈತೂಕ ಜಾಸ್ತಿಯಿರುವ ಹರೆಯದ ಹೆಂಗಸರಿಗೆ, ಅದರಲ್ಲೂ ವರ್ಷದೊಳಗೆ ಸರಸರನೆ ತೂಕ ಏರಿಸಿಕೊಂಡವರಿಗೆ. ಮಧು ಐದು ಅಡಿ ಒಂದಿಂಚು, ತೊಂಬತ್ತೊಂದು ಕೆ.ಜಿ. ಕಳೆದ ವರ್ಷದಿಂದ ಈಚೆಗೆ ಹದಿನಾಲ್ಕು ಏರಿದೆ. ಹತ್ತರಲ್ಲಿ ಒಂದು ಪಾಲು ಇಳಿಸಿದರೂ ಒತ್ತಡ ಇಳಿಯುವ ಸಂಭವ ಬಹಳವಿದೆ ಎಂದರು. ಅಂದರೆ ಒಂಬತ್ತು ಕೆ.ಜಿ. ಅದನ್ನು ಕೇಳಿದಾಗ ನನಗೆ ನೆಲ ಬಿರಿಯಬಾರದೆ ಅನ್ನಿಸಿತು, ಏಕೆಂದರೆ ಆ ಹದಿನಾಲ್ಕರಲ್ಲಿ ಅರ್ಧವಾದರೂ ನನ್ನ ಡಬ್ಬಿಗಳಿಂದ ಬಂದದ್ದು.

ನಿನಗೆ ಗೊತ್ತಿಲ್ಲದ ಒಂದು ಹಳೆಯ ಕಥೆ ಹೇಳುತ್ತೇನೆ; ಆಗ ನೀನು ಮೂಗು ಸುರಿಸಿಕೊಂಡು ನಿಮ್ಮಪ್ಪನ ಹೆಗಲ ಮೇಲೆ ಕೂತು ಬರುತ್ತಿದ್ದ ಕಾಲ. ಮಧು ಹುಟ್ಟಿದಾಗ ಒಂದು ಕೆ.ಜಿ. ಒಂಬೈನೂರು ಗ್ರಾಂ. ನಾನು ಅಂಗನವಾಡಿಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಮಕ್ಕಳ ತೂಕದ ಚಾರ್ಟಿನಲ್ಲಿ ನನ್ನ ಮಗುವಿನ ಚುಕ್ಕಿ ಕೊನೆಯ ಗೆರೆಯ ಕೆಳಗೆ ಬಿತ್ತು. ಸೂಪರ್‌ವೈಸರ್ ಬಂದವರು ಹತ್ತು ಜನ ತಾಯಂದಿರ ಎದುರಿಗೆ "ಏನ್ರೀ ಟೀಚರ್, ಊರ್ ಮಕ್ಕಳಿಗೆ ಪುಷ್ಟಿ ಅಂಚೋರ್ ಮನೆ ಮಗೂನೇ ಇಂಗಾ?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆವತ್ತಿನಿಂದ ಹಿಡಿದೆ ನೋಡು. ರಾಗಿ ಸರಿಗೆ ಬೆಣ್ಣೆ, ಹಾಲಿಗೆ ಹಿಸುಕಿದ ಬಾಳೆಹಣ್ಣು, ಮಲಗಿದ್ದವಳನ್ನು ಎಬ್ಬಿಸಿ ಒಂದು ತುತ್ತು. ಎರಡು ವರ್ಷಕ್ಕೆ ಚುಕ್ಕಿ ಮೇಲೆ ಬಂತು. ನಿಲ್ಲಿಸಬೇಕಾಗಿದ್ದದ್ದು ಅಲ್ಲಿ. ನಿಲ್ಲಿಸಲು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ. ತೊಲೆಗೆ ತಕ್ಕಡಿ ನೇತುಹಾಕಿ ಮಗುವನ್ನು ಜೋಲಿಯಲ್ಲಿ ಕೂರಿಸಿ ನೋಡುವುದು ನನ್ನ ಕೆಲಸ. ಮುಳ್ಳು ಮುಂದೆ ಹೋದರೆ ಸಂತೋಷ, ಹಿಂದೆ ಬಂದರೆ ಆ ತಾಯಿಯ ಮನೆಗೆ ಹೋಗಿ ಬೈಗುಳ. ಈಚೆಗೆ ಮೊಬೈಲ್ ಆಪಿನಲ್ಲಿ ಹೆಚ್ಚು ತೂಕಕ್ಕೂ ಒಂದು ಕಾಲಂ ಬಂದಿದೆ. ನಮ್ಮ ಕೇಂದ್ರದಲ್ಲಿ ಅದಕ್ಕೆ ಯಾವಾಗಲೂ ಸೊನ್ನೆ ಹಾಕುತ್ತೇನೆ, ಅದರ ಬಗ್ಗೆ ಯೋಚಿಸಿದವಳೇ ಅಲ್ಲ.

ಅವಳು ಮದುವೆಯಾಗಿ ನಿಮ್ಮ ಮನೆಗೆ ಬಂದ ಮೇಲೂ ನಾನು ಬಿಟ್ಟೆನಾ? ತಿಂಗಳಿಗೆರಡು ಸಲ ತುಪ್ಪ, ಕಜ್ಜಾಯ, ಕೊಬ್ಬರಿ ಮಿಠಾಯಿ. ನಮ್ಮಣ್ಣನ ಮನೆಯೇ ಆದರೂ ಸೊಸೆ ಸೊರಗಿದಳು ಅನ್ನಿಸಿಕೊಳ್ಳಬಾರದಲ್ಲ. ಹೋದ ಯುಗಾದಿಗೆ ನೀನು ಪಡಸಾಲೆಯಲ್ಲಿ ಕೂತು ಮೆಲ್ಲಗೆ "ಅತ್ತೆ, ಮಧು ಮೆಟ್ಲತ್ತಕ್ಕೂ ಏದುಸ್ರು ಬುಡ್ತಾವ್ಳೆ, ವಸಿ ನೋಡ್ಕಬೇಕು" ಅಂದೆ. ನಾನು ಏನಂದೆ ನೆನಪಿದೆಯಾ? "ನಿನ್ನೆಡ್ತಿ ತಿನ್ನೋದು ನಿಂಗೆ ಭಾರವಾಯ್ತೇನ್ಲಾ?" ಅಂದೆ. ನೀನು ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ಅಲ್ಲೇ ಬಿಟ್ಟು ಎದ್ದೆ. ಚಿಕ್ಕಂದಿನಿಂದ ಎತ್ತಿ ಆಡಿಸಿದ ಅಣ್ಣನ ಮಗ ತಾನೇ, ಅಂದರೆ ಏನಾಯಿತು ಎಂದು ಮರೆತುಬಿಟ್ಟೆ.

ಗೌರಿ ಹಬ್ಬಕ್ಕೆ ಬಂದಳಲ್ಲ, ಆಗಲೇ ತಲೆನೋವು ಶುರುವಾಗಿ ಎರಡು ತಿಂಗಳಾಗಿತ್ತು. ಮಲಗಿದರೆ ಜಾಸ್ತಿ, ಎದ್ದು ಕೂತರೆ ವಾಸಿ. ಬಾಗಿಲಿಗೆ ರಂಗೋಲಿ ಬಿಡಲು ಬಗ್ಗಿದವಳು ಪುಡಿಯ ಸೇರು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. "ಅಮ್ಮ, ಬಗ್ಗುದ್ರೆ ಕರೆಂಟ್ ಓದಂಗೆ ಎಲ್ಲಾ ಕತ್ಲಾಯ್ತದೆ, ಆಮೇಲೆ ಬತ್ತದೆ" ಅಂದಳು. ಕಿವಿಯಲ್ಲಿ ಬದನವಾಳಿನ ಖಾದಿ ಮಗ್ಗ ಬಡಿದ ಹಾಗೆ ಒಂದೇ ಸಮನೆ ಸದ್ದು, ನಾಡಿ ಬಡಿದಂತೆಲ್ಲ ಬಡಿಯುತ್ತದೆ ಎಂದಳು. ನಾನು ಉಷ್ಣ ಅಂದೆ. ಮೊಬೈಲು ಅಂದೆ. ಹರಳೆಣ್ಣೆ ತಟ್ಟಿ ತಲೆಗೆ ನೀರು ಹಾಕಿದೆ, ನಂಜುಂಡೇಶ್ವರನಿಗೆ ಉರುಳುಸೇವೆ ಹೊತ್ತೆ. ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು ಎಂದು ಹಟ ಹಿಡಿದವನು ನೀನು. ರಜೆ ಹಾಕಿ ಬೈಕಿನಲ್ಲಿ ಬಂದು ಸೆಪ್ಟೆಂಬರ್ ಒಂದನೇ ತಾರೀಕು ನಂಜನಗೂಡಿನ ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಾನೂ ಹಿಂದೆ ಬಸ್ಸಿನಲ್ಲಿ ಬಂದೆ. ಇಲ್ಲಿಂದ ಮುಂದೆ ನಿಧಾನವಾಗಿ ಓದು ಹೇಮಂತಾ.

ಕಣ್ಣಿಗೆ ಡ್ರಾಪ್ಸ್ ಹಾಕಿದ್ದರಿಂದ ಮಧುಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಲೈಟು ಬಿಟ್ಟು ನೋಡಿಯಾದ ಮೇಲೆ ನೀನು ಅವಳ ಕೈ ಹಿಡಿದು ಮೆಟ್ಟಿಲಿಳಿಸಿ ಬೈಕಿನ ಹತ್ತಿರ ಕರೆದೊಯ್ದೆ. ಡಾಕ್ಟರಮ್ಮ ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. ಇನ್ನೂ ಚಿಕ್ಕ ಹುಡುಗಿ, ಮಧುಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. "ನೀವು ಅಂಗನವಾಡಿ ಟೀಚರ್ ಅಂತೀರ, ನಿಮಗೆ ಅರ್ಥವಾಗುತ್ತೆ. ಎರಡೂ ಕಣ್ಣಿನ ನರ ಊದಿದೆ. ಮಿದುಳಿನಲ್ಲಿ ಒತ್ತಡ ಜಾಸ್ತಿಯಾಗಿರಬಹುದು. ಇವತ್ತು, ಇಲ್ಲಾಂದ್ರೆ ನಾಳೆಯೊಳಗೆ ಮೈಸೂರಿಗೆ ಹೋಗಬೇಕು, ತಡ ಮಾಡಿದರೆ ದೃಷ್ಟಿ ಹೋಗುತ್ತೆ" ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಕಾಲಿಗೆ ಚಪ್ಪಲಿ ಇಲ್ಲದೆ ಓಡುತ್ತಿದ್ದೆನೋ ಏನೋ. ಆಮೇಲೆ "ತೂಕ ಇಷ್ಟಾಗೋ ತನಕ ಮನೆಯಲ್ಲಿ ಯಾರೂ ನೋಡಲಿಲ್ವಾ?" ಅಂದರು. ಆ ಮಗು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನನಗೆ ಮಾತ್ರ ತಲೆಯ ಮೇಲೆ ಹೊಡೆದ ಹಾಗಾಯಿತು. ತೂಕ ನೋಡುವುದೇ ಕಸುಬಾದವಳಿಗೆ ತೂಕ ನೋಡಲಿಲ್ಲವಾ ಅಂತಾಳಲ್ಲ, ನನ್ನ ಮಗಳನ್ನು ದಪ್ಪ ಅಂತಾಳಲ್ಲ ಎಂಬ ಉರಿಯಲ್ಲಿ ಮಿಕ್ಕ ಮಾತೆಲ್ಲ ಸುಟ್ಟುಹೋಯಿತು. ಕಡ್ಡಿಯಂತಿರುವ ಹುಡುಗಿ, ಉಂಡ ಮೈ ಕಂಡು ಹೊಟ್ಟೆಕಿಚ್ಚು ಎಂದುಕೊಂಡೆ. ಥೂ ನನ್ನ ಜನ್ಮಕ್ಕೆ.

ಕೌಂಟರಿನಲ್ಲಿ ಫೈಲು ಕೊಟ್ಟರು. ಒಳಗೆ ಕನ್ನಡಕದ ನಂಬರಿನ ಕಾಗದ, ಅದರ ಮೇಲೆ ಮೈಸೂರಿಗೆ ಬರೆದ ಚೀಟಿ. ಮೆಟ್ಟಿಲಿಳಿಯುತ್ತಾ ಆ ಚೀಟಿಯನ್ನು ತೆಗೆದು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಫೈಲನ್ನು ನಿನ್ನ ಕೈಗೆ ಕೊಟ್ಟು "ಏನಿಲ್ಲ ಕಣಪ್ಪ, ಕನ್ನಡಕ ಬೇಕಂತೆ ಅಷ್ಟೇ" ಅಂದೆ. ನೀನು ನಿಟ್ಟುಸಿರು ಬಿಟ್ಟು ನಕ್ಕೆ, ನಮಗಿಬ್ಬರಿಗೂ ಕಬ್ಬಿನ ಹಾಲು ಕುಡಿಸಿದೆ.

ಪೂರ್ತಿ ಮುಚ್ಚಿಹಾಕಬೇಕೆಂದಿರಲಿಲ್ಲ, ಇದನ್ನು ನೀನು ನಂಬುವುದಾದರೆ ನಂಬು. ಮಿದುಳು ಅನ್ನುವ ಮಾತು ಕೇಳಿ ಒಳಗೊಳಗೇ ಹೆದರಿದ್ದೆ. ನಾನೇ ಒಂದು ದಿನ ಮಧುವನ್ನು ಸದ್ದಿಲ್ಲದೆ ಮೈಸೂರಿಗೆ ಕರೆದೊಯ್ದು, ಏನೂ ಇಲ್ಲ ಅನ್ನಿಸಿಕೊಂಡು ಬಂದು, ಆ ಹುಡುಗಿಯ ಮುಖಕ್ಕೆ ಕಾಗದ ಹಿಡಿಯಬೇಕು ಎಂದುಕೊಂಡಿದ್ದೆ. ಆದರೆ ಸೆಪ್ಟೆಂಬರ್ ಬಂತೆಂದರೆ ನಮಗೆ ಪೋಷಣ್ ಮಾಸ. ದಿನಕ್ಕೊಂದು ಕಾರ್ಯಕ್ರಮ, ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಒಂದು ದಿನ ಸಿರಿಧಾನ್ಯದ ತಿಂಡಿಗಳ ಪ್ರದರ್ಶನ, ಒಂದು ದಿನ ಬಸುರಿಯರಿಗೆ ಸೀಮಂತ, ಒಂದು ದಿನ ಊರ ಮಕ್ಕಳನ್ನೆಲ್ಲ ತೂಗುವುದು. ನಾಳೆ, ನಾಳಿದ್ದು ಎಂದು ದಿನ ಹೋದವು. ನರಸೀಪುರದಿಂದ ಮಧು ಫೋನ್ ಮಾಡಿ "ಕನ್ನಡಕ ಆಕಂಡ್ರೂ ನೋವು ಓಗ್ನಿಲ್ಲ ಅಮ್ಮ" ಅಂದಾಗಲೆಲ್ಲ "ಒಗ್ಗೋಕೆ ವಸಿ ದಿನ ಬೇಕು ಬುಡು" ಅಂದೆ. ಪೌಷ್ಟಿಕ ಆಹಾರದ ಬಗ್ಗೆ ಮೈಕು ಹಿಡಿದು ಭಾಷಣ ಮಾಡಿದ ದಿನವೂ ಆ ಚೀಟಿ ನನ್ನ ಕಂಕುಳಿನ ಬ್ಯಾಗಿನಲ್ಲೇ ಇತ್ತು.

ಇಪ್ಪತ್ತಮೂರು ದಿನವಾಯಿತು. ಆ ಬುಧವಾರ ಬೆಳಿಗ್ಗೆ ಅವಳಿಗೆ ಒಂದೊಂದೂ ಎರಡೆರಡಾಗಿ ಕಂಡು, ಎಡಗಡೆಯ ಮೆಟ್ಟಿಲು ಕಾಣದೆ ಬಿದ್ದಳು. ನೀನು ಒಂದು ಗಳಿಗೆ ತಡ ಮಾಡದೆ ಮೈಸೂರಿಗೆ ಕರೆದೊಯ್ದು ನನಗೆ ಫೋನ್ ಮಾಡಿದೆ. ನಾನೂ ನಿಮ್ಮ ಮಾವನೂ ಓಡಿ ಬಂದೆವು. ಡಾಕ್ಟರು "ಮೊದಲು ಯಾರಿಗೂ ತೋರಿಸಿರಲಿಲ್ವಾ?" ಎಂದು ಕೇಳಿ, ನಂಜನಗೂಡಿಗೆ ಫೋನ್ ಮಾಡಿದರು. ಕ್ಲಿನಿಕ್ಕಿನವರು ಚೀಟಿಯನ್ನು ಫೈಲಿನಲ್ಲೇ ಇಟ್ಟು ಕೊಟ್ಟಿದ್ದೆವು ಎಂದರು. ಫೈಲು ಇದ್ದದ್ದು ನಿನ್ನ ಹತ್ತಿರ. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು "ದೇವ್ರಾಣೆ, ಫೈಲಲ್ಲಿ ಅಂತಾದ್ದೇನೂ ಇರ್ನಿಲ್ಲ" ಅಂದೆ. ಬೆಂಚಿನ ಮೇಲೆ ಕೂತಿದ್ದ ಮಧು ನಿನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನಾನು ಬಾಯಿಬಿಡಬೇಕಿತ್ತು. ಬಾಯಿಬಿಟ್ಟೆ, ನಿಜ. "ನನ್ ಮಗ್ಳ ಕಣ್ ತಿಂದ್ಬುಟ್ಯಲ್ಲೋ ಪಾಪಿ, ಒಂದ್ ಚೀಟಿ ಓದಕ್ಕಾಗ್ನಿಲ್ವಾ ನಿಂಗೆ" ಎಂದು ಕಾರಿಡಾರು ನಡುಗುವ ಹಾಗೆ ಕೂಗಿದೆ. ನೀನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಮೂರು ದಿನ ನೀನು ಆಸ್ಪತ್ರೆಯ ಗೇಟಿನ ಹೊರಗೆ ನಿಂತು, ಅವಳಿಗೆ ಎಳನೀರು ತಂದು ನಿಮ್ಮ ಮಾವನ ಕೈಯಲ್ಲಿ ಕಳಿಸುತ್ತಿದ್ದೆ. ಅವಳು ಅದನ್ನು ಪಕ್ಕದ ಬೆಡ್ಡಿನವರಿಗೆ ಕೊಡುತ್ತಿದ್ದಳು.

ಆ ಚೀಟಿಯನ್ನು ನಾನು ಹರಿಯಲಿಲ್ಲ, ಒಲೆಗೂ ಹಾಕಲಿಲ್ಲ. ಈ ಕಾಗದದ ಹಿಂದೆ ಪಿನ್ ಮಾಡಿದ್ದೇನೆ. ತಾರೀಕು ನೋಡಿಕೋ. ನಿನ್ನದು ಎಳ್ಳಷ್ಟೂ ತಪ್ಪಿಲ್ಲ. ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದವನು ನೀನು, ದಾರಿ ತಪ್ಪಿಸಿದವಳು ನಾನು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಕಾಲು ಹಿಡಿಯೋಣವೆಂದರೆ ವಯಸ್ಸಿನಲ್ಲಿ ದೊಡ್ಡವಳು, ನಿನಗೆ ಒಳ್ಳೆಯದಾಗುವುದಿಲ್ಲ ಅನ್ನುತ್ತಾರೆ.

ಈಗ ನನ್ನ ಬೇಡಿಕೆ. ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ನಾಳೆಯೇ ನಿನಗೆ ಸೇರಬಹುದು. ಗುರುವಾರ ರಜೆ ಹಾಕಿ ಬಾ. ಬಂದು ಅವಳಿಗೆ ಮಾತ್ರೆ ನುಂಗಿಸು, ಶುಕ್ರವಾರ ಮೈಸೂರಿಗೆ ಕರೆದುಕೊಂಡು ಹೋಗು. ನಿನ್ನ ಮೇಲೆ ಕೋಪ ಇದ್ದರೂ ಅವಳು ನಿನ್ನ ಮಾತು ಕೇಳುತ್ತಾಳೆ. ರಾತ್ರಿ ಹಗಲು ನಿನ್ನ ಹೆಸರೆತ್ತಿ ಬೈಯುತ್ತಾಳೆ, ಬೈಯದೆ ಇರುವುದು ನನ್ನೊಬ್ಬಳನ್ನೇ. ಇನ್ನೊಂದು ಮಾತು, ಹೇಗೆ ಬರೆಯಲಿ. ಚೀಟಿಯ ವಿಷಯ ನಿನಗೆ ತಿಳಿಯಿತು, ಮಧುಗೆ ಸದ್ಯಕ್ಕೆ ತಿಳಿಸಬೇಡ. ಕಣ್ಣು ಒಂದು ಹದಕ್ಕೆ ಬರಲಿ, ಆರು ತಿಂಗಳು ಹೋಗಲಿ. ಗಂಡನ ಮೇಲಿನ ಮುನಿಸನ್ನು ಹೆಣ್ಣು ತಡೆದುಕೊಳ್ಳುತ್ತಾಳೆ. ಹೆತ್ತವಳೇ ಹೀಗೆ ಮಾಡಿದಳು ಎಂದು ತಿಳಿದರೆ ಈ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟುವುದಿಲ್ಲ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಅಲ್ಲಿಯವರೆಗೆ ಆ ಭಾರವನ್ನು ನೀನೇ ಹೊತ್ತುಕೊಂಡಿರು ಎಂದು ನಿನ್ನ ಅತ್ತೆ ಸೆರಗೊಡ್ಡಿ ಬೇಡುತ್ತಿದ್ದಾಳೆ.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಅತ್ತಿಗೆ ನನ್ನ ಮೇಲೆ ಮುನಿದಿದ್ದರೆ ಮುನಿಯಲಿ, ಮಗನನ್ನು ಬೈದವಳ ಮೇಲೆ ಯಾವ ತಾಯಿ ಮುನಿಯುವುದಿಲ್ಲ? ಮಳೆಯಲ್ಲಿ ಕಂಬ ಹತ್ತಬೇಡ. ನಿನ್ನ ಆಯಸ್ಸು ಗಟ್ಟಿಯಿರಲಿ, ನ್ಯಾಯವಾಗಿ ನಿನಗೆ ಸಲ್ಲಬೇಕಾದ್ದೆಲ್ಲ ಸಲ್ಲಲಿ ಎಂದು ಹಾರೈಸುವ

ನಿನ್ನ ಅತ್ತೆ,
ವನಿತಾ

ತಾ.ಕ.: ಮನೆಗೆ ಬಂದು ಅವಸರದಲ್ಲಿ ಇಷ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿ ಓದಿಕೋ. ಕವರಿಗೆ ಗೋಂದು ಹುಡುಕುತ್ತಿದ್ದಾಗ ಮಧು ಮಲಗಿದ್ದಲ್ಲಿಂದಲೇ "ಯಾರ್ಗಮ್ಮ ಕಾಗ್ದ?" ಅಂದಳು. ನಿನಗೆ ಅಂದೆ. ಎದ್ದು ಕೂತು "ಓದು" ಅಂದಳು. ಓದಿದೆ. ನಂಜನಗೂಡಿನ ವಿಷಯ ಬಂದ ಕೂಡಲೇ ಎರಡು ಹಾಳೆ ಒಟ್ಟಿಗೆ ಮಗುಚಿ ಅಣ್ಣ ಅತ್ತಿಗೆಗೆ ನಮಸ್ಕಾರ ಅನ್ನುವಲ್ಲಿಗೆ ಹಾರಿದೆ. ನನ್ನ ಸಣ್ಣ ಅಕ್ಷರ ಅವಳ ಕಣ್ಣಿಗೆ ಈಗ ಹತ್ತುವುದಿಲ್ಲ, ಹಾರಿಸಿದ್ದು ಅವಳಿಗೆ ಗೊತ್ತಾಗಲೂ ಇಲ್ಲ. ನಂಬಿಕೊಂಡು ತಲೆಯಾಡಿಸುತ್ತಿದ್ದಳು ಹೇಮಂತಾ. ಅದನ್ನು ನೋಡಿ ಹಾಳೆ ಹಿಂದಕ್ಕೆ ಮಗುಚಿ ಒಂದಕ್ಷರ ಬಿಡದೆ ಓದಿದೆ, ಅವಳಿಗೆ ಹೇಳಬೇಡ ಎಂದು ನಿನಗೆ ಬರೆದದ್ದನ್ನೂ ಓದಿದೆ.

ಅವಳು ಚೀಟಿ ತೆಗೆದುಕೊಂಡು ಬಲಗಣ್ಣಿಗೆ ಹತ್ತಿರ ಹಿಡಿದು ತಾರೀಕು ನೋಡಿದಳು. "ಅವ್ನು ಆಣೆ ಮಾಡಿ ಯೋಳ್ದ, ನಾನು ನಂಬ್ನಿಲ್ಲ" ಅಂದಳು, ಅಷ್ಟೇ. ಎದ್ದು ಹೋಗಿ ಮಾತ್ರೆ ನುಂಗಿದಳು. ನಾನು ಹಿಡಿದ ನೀರು ತೆಗೆದುಕೊಳ್ಳಲಿಲ್ಲ, ತಾನೇ ಬಗ್ಗಿಸಿಕೊಂಡಳು. ಆಮೇಲೆ ನಿನಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ನೀನು ಎತ್ತಿದ್ದು ಬಾಗಿಲಾಚೆ ನಿಂತಿದ್ದ ನನಗೂ ಕೇಳಿಸಿತು. ಈಗ ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ. ಐದರ ನರಸೀಪುರದ ಬಸ್ಸಿಗೆ ಹೊರಡುತ್ತಾಳೆ, ಜೊತೆಗೆ ಚಿನ್ನಮ್ಮನನ್ನು ಕಳಿಸುತ್ತಿದ್ದೇನೆ. ನನಗೆ "ನೀನ್ ಬರ್ಬೇಡ" ಅಂದಳು. ಹಾಗಾಗಿ ಈ ಕಾಗದ ಅಂಚೆಗೆ ಹೋಗುವುದಿಲ್ಲ, ನಿನ್ನ ಕೈಗೆ ಕೊಡುವವಳು ಮಧುವೇ. ಮೇಲೆ ಆರು ತಿಂಗಳು ಭಾರ ಹೊತ್ತುಕೊಂಡಿರು ಎಂದು ಬರೆದದ್ದನ್ನು ಹೊಡೆದುಹಾಕು.

ಮಾತ್ರೆ ದಿನಕ್ಕೆ ಎರಡು ಸಲ, ಊಟವಾದ ಮೇಲೆ. ರಸ್ತೆ ದಾಟುವಾಗ ಅವಳ ಎಡಗಡೆ ನೀನಿರು, ಆ ಕಡೆಯಿಂದ ಬರುವ ಗಾಡಿ ಅವಳಿಗೆ ಕಾಣುವುದಿಲ್ಲ. ಶುಕ್ರವಾರ ಹೋದಾಗ, ಮೂರು ದಿನ ಮಾತ್ರೆ ತಪ್ಪಿತ್ತು ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ನಾನು ಮೈಸೂರಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಏನು ಬಂತು ಎನ್ನುವುದನ್ನು ನೀನಾಗಿ ನನಗೆ ಫೋನ್ ಮಾಡಿ ತಿಳಿಸಬೇಡ. ನನಗೆ ಹೇಳಬೇಕೋ ಬೇಡವೋ ಅವಳು ತೀರ್ಮಾನ ಮಾಡಲಿ.